ಅಪ್ಪ ಇರುವಾಗಲೇ ಹೋದ ಮೀಸೆ

ಚಿಂತೆ ಮಾಡುವವರಲ್ಲಿ ಎರಡು ಪಂಗಡ. ಕಷ್ಟ ಬಂದ ಮೇಲೆ ಕೂತು ಚಿಂತಿಸುವವರು ಒಂದು. ಅವರನ್ನು ನಾನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಆ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ನನ್ನದು ಎರಡನೆಯ ಪಂಗಡ. ನಾವು ಅಡ್ವಾನ್ಸ್ ಆಗಿ ಚಿಂತಿಸುವವರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಬಂದು, ಆರಿಸಿರುವುದನ್ನು ಕಣ್ಣಾರೆ ಕಂಡು, ಅಷ್ಟಕ್ಕೆ ಸಮಾಧಾನವಾಗದೆ, ‘ಗ್ಯಾಸ್ ಸರಿಯಾಗಿದೆ ಅಂದಮೇಲೆ ಮನಸ್ಸು ಎಚ್ಚರಿಸಿದ್ದು ಬೇರೇನೋ ಇರಬೇಕು’ ಎಂದು ನೀರಿನ ಮೋಟರು, ಇಸ್ತ್ರಿಪೆಟ್ಟಿಗೆ, ಹಿತ್ತಲ ಬಾಗಿಲು ಎಲ್ಲವನ್ನೂ ಮುಟ್ಟಿ ನೋಡಿ ಹೊರಡುವವರು. ನನಗೆ ಸಿಕ್ಕ ಕೆಲಸವೂ ಅಂಥದ್ದೇ. ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆದು ನೋಡಿ ‘ಪಾಸು’, ‘ರಿಜೆಕ್ಟು’ ಎಂದು ಬೇರೆ ಮಾಡುವುದು. ಎಲ್ಲಿ ಏನು ತಪ್ಪಿರಬಹುದು ಎಂದು ಅನುಮಾನಪಡುವುದಕ್ಕೆ ತಿಂಗಳು ತಿಂಗಳು ಸಂಬಳ. ಹೀಗೆ ಮನೆಯಲ್ಲಿ ಪುಕ್ಕಟೆಯಾಗಿಯೂ ಕಾರ್ಖಾನೆಯಲ್ಲಿ ಸಂಬಳಕ್ಕಾಗಿಯೂ ಚಿಂತಿಸುತ್ತ ಐವತ್ತು ದಾಟಿದ ನಾನು, ಮನುಷ್ಯನಿಗೆ ಆಗಬಹುದಾದ ಅನಾಹುತಗಳನ್ನೆಲ್ಲ ಒಂದು ಸುತ್ತು ಚಿಂತಿಸಿ ಮುಗಿಸಿದ್ದೇನೆ ಎಂದೇ ನಂಬಿದ್ದೆ. ನನ್ನ ಮೀಸೆ ಉದುರಿಹೋಗಿ, ಅದರಿಂದಾಗಿ ಕುಣಿಗಲ್ಲಿನ ನಡುಬೀದಿಯಲ್ಲಿ ಒಬ್ಬ ಹೆಂಗಸು ಎಚ್ಚರ ತಪ್ಪಿ ಬೀಳುತ್ತಾಳೆ ಎಂಬುದೊಂದು ಮಾತ್ರ ಹೊಳೆದಿರಲಿಲ್ಲ.

ಶುರುವಾದದ್ದು ಕತ್ತಿನಲ್ಲಿ. ಗಡ್ಡ ಹೆರೆಯುವಾಗ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತು. ಓಡಿಹೋಗಿ ಹೆಂಡತಿ ಗಿರಿಜೆಗೆ ತೋರಿಸಿದೆ. ಅವಳು ಒಗ್ಗರಣೆ ಬಿಟ್ಟು ತಿರುಗಿಯೂ ನೋಡಲಿಲ್ಲ. “ಹೋದ್ ತಿಂಗ್ಳು ಕಿವೀಲಿ ಏನೋ ಬೆಳೀತಿದೆ ಅಂದ್ರಿ. ಹತ್ತಿ ಇತ್ತು. ಅದಕ್ ಮುಂಚೆ ಹಾರ್ಟು ಹಿಡ್ಕೊಳ್ತಿದೆ ಅಂದ್ರಿ. ನಮ್ಮಣ್ಣನ ಮನೇಲಿ ತಿಂದ ಬೋಂಡ ಅದು. ಈಗ ಕತ್ತಾ?” ಎಂದಳು. ಅವಳದೇನೂ ತಪ್ಪಿಲ್ಲ. ನನ್ನ ಕಾಯಿಲೆಗಳ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಹೋಗಿ ಬಹಳ ಕಾಲವಾಗಿತ್ತು. ಆದರೆ ಈ ಗಂಟು ಬೋಂಡದಂತೆ ಕರಗಲಿಲ್ಲ. ತುಮಕೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ಅದರಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿ ಲಿಂಫೋಮಾ ಎಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಹಳ ಸಮಾಧಾನದಿಂದ, “ಕ್ಯಾನ್ಸರೇ ಸಾರ್, ಆದ್ರೆ ಇದು ಮದ್ದಿಗೆ ಬಗ್ಗೋ ಜಾತಿ. ಆರು ಸಲ ಕೀಮೋ ಕೊಡ್ತೀವಿ. ಚಾನ್ಸ್ ತುಂಬಾ ಚೆನ್ನಾಗಿದೆ,” ಎಂದು ಹೇಳುತ್ತಿದ್ದರು. ಒಂದು ಆಯುಷ್ಯಪೂರ್ತಿ ಅಭ್ಯಾಸ ಮಾಡಿದವನು ನಾನು. ಪರೀಕ್ಷೆಯ ದಿನ ಬಂದಾಗ ಕರೆಂಟು ಹೋದ ಲೇತ್ ಮಿಷನ್ನಿನಂತೆ ನಿಂತುಬಿಟ್ಟೆ. ಕಣ್ಣೆದುರು ಡಾಕ್ಟರಮ್ಮನ ತುಟಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಕೊನೆಗೆ ನನ್ನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ: “ಕೂದ್ಲು ಹೋಗುತ್ತಾ ಮೇಡಂ?”

ಹೊರಗೆ ಬಂದಮೇಲೆ ಗಿರಿಜೆ ಕಣ್ಣೊರೆಸಿಕೊಳ್ಳುತ್ತಲೇ ಬೈದಳು. “ಇಷ್ಟ್ ದೊಡ್ಡ ವಿಷ್ಯದಲ್ಲಿ ನಿಮ್ಗೆ ಕೇಳ್ಬೇಕು ಅನ್ಸಿದ್ದು ಅದೊಂದೇನಾ ರೀ?”

ಅದೊಂದೇ. ಏಕೆಂದರೆ ನನ್ನಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಎತ್ತರವಿಲ್ಲ, ಬಣ್ಣವಿಲ್ಲ, ಧೈರ್ಯದ ವಿಷಯ ಆಗಲೇ ಹೇಳಿದ್ದೇನೆ. ಆದರೆ ಕೂದಲು ಮಾತ್ರ ನಮ್ಮ ಮನೆತನದ ಆಸ್ತಿ. ಎಂಬತ್ತರ ಹತ್ತಿರವಿರುವ ನಮ್ಮಪ್ಪನ ತಲೆಯಲ್ಲಿ ಇವತ್ತಿಗೂ ಬಾಚಣಿಗೆ ನಿಂತುಕೊಳ್ಳುತ್ತದೆ. ಮೂಗಿನ ಕೆಳಗೆ ಬಿಳಿ ಮೀಸೆ, ಅದರ ಎರಡು ತುದಿಯೂ ಮೇಲಕ್ಕೆ. ನನ್ನದೂ ಅದೇ ಅಚ್ಚು. ಹದಿನೈದು ದಿನಕ್ಕೊಮ್ಮೆ ಕರಿ ಬಣ್ಣ ಹಚ್ಚಿಕೊಳ್ಳುತ್ತಿದ್ದೆ ಅನ್ನುವುದೊಂದೇ ವ್ಯತ್ಯಾಸ. ಈ ಬಣ್ಣದ ವಿಷಯ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಮೊದಲ ಕೀಮೋ ಆಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಹಿಡಿ ತುಂಬ ಕೂದಲು. ಹೆದರಿ ಒಂದೊಂದೇ ಎತ್ತಿ ನೋಡಿದೆ. ಪ್ರತಿಯೊಂದಕ್ಕೂ ತುದಿ ಕಪ್ಪು, ಬುಡ ಬಿಳಿ. ಕಾರ್ಖಾನೆಯಲ್ಲಿ ಯಾರ ಟಿಫಿನ್ ಡಬ್ಬಿಯಲ್ಲಿ ಬಿದ್ದರೂ ಇದು ಮಂಜುನಾಥಯ್ಯನದೇ ಎಂದು ಗುರುತು ಹಿಡಿಯುವಂಥ ಮಾಲು. ಸಾಯುವ ಭಯ ಒಂದು ಕಡೆ ಇರಲಿ, ಮೊದಲು ಮಾನ ಹೋಗುತ್ತದಲ್ಲ ಎಂದು ಗಾಬರಿಯಾಗಿ, ಗಿರಿಜೆಯಿಂದಲೇ ಟ್ರಿಮ್ಮರ್ ಆಡಿಸಿ ಎಲ್ಲವನ್ನೂ ತೆಗೆಸಿಬಿಟ್ಟೆ. ಉಳಿದ ಮೊಳಕೆಗಳನ್ನು ಮದ್ದೇ ನೋಡಿಕೊಂಡಿತು. ಎಂಥ ಕ್ಷೌರಿಕನ ಕತ್ತಿಗೂ ಬಾರದ ನುಣುಪು. ಕೈಯಿಟ್ಟರೆ ಜಾರುತ್ತಿತ್ತು.

ತಲೆಗೂದಲು ಹೋಗುವುದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡಿದ್ದೆ. ಮೀಸೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಒಂದು ದಿನ ಮುಖ ತೊಳೆದು ಟವೆಲ್ಲಿನಿಂದ ಒರೆಸಿಕೊಂಡರೆ ಬಲಗಡೆ ಅರ್ಧ ಮೀಸೆ ಟವೆಲ್ಲಿಗೆ ಬಂತು. ಎಡಗಡೆಯದು ಎರಡು ದಿನ ಒಂಟಿಯಾಗಿದ್ದು ಅದೂ ಹಿಂಬಾಲಿಸಿತು. ಆಮೇಲೆ ಹುಬ್ಬು. ಹುಬ್ಬು ಏತಕ್ಕೆ ಇದೆ ಎಂದು ನಾನು ಹುಟ್ಟಿದಾಗಿನಿಂದ ಯೋಚಿಸಿದವನಲ್ಲ; ಅದು ಹೋದಮೇಲೆ ಸ್ನಾನ ಮಾಡಿದರೆ ನೆತ್ತಿಯಿಂದ ಹೊರಟ ನೀರು ಎಲ್ಲೂ ತಡೆಯಿಲ್ಲದೆ ನೇರವಾಗಿ ಕಣ್ಣಿಗೇ ಇಳಿಯಿತು. ಸ್ಕೂಟರಿನ ಹೆಲ್ಮೆಟ್ಟು ಸಡಿಲವಾಯಿತು. ಕೂದಲು ಇಷ್ಟು ದಿನ ಒಳಗೆ ಹಾಸಿಗೆಯಾಗಿ ಕೂತಿತ್ತು ಅಂತ ಗೊತ್ತಾದದ್ದೇ ಆವಾಗ. ರೋಡ್ ಹಂಪಿನ ಮೇಲೆ ಹಾರಿದಾಗ ಸ್ಕೂಟರ್ ಮುಂದಕ್ಕೆ, ನಾನು ಮುಂದಕ್ಕೆ, ಹೆಲ್ಮೆಟ್ ಮಾತ್ರ ಪಕ್ಕಕ್ಕೆ ನೋಡುತ್ತಿತ್ತು. ಎದುರು ಮನೆಯ ನೀಲಮ್ಮ ಆಂಟಿ ಊರ್ಡಿಗೆರೆಯಿಂದ ಯಾವುದೋ ಸೊಪ್ಪಿನ ಎಣ್ಣೆ ತರಿಸಿಕೊಟ್ಟರು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ನಿಂತರೆ, ಗಿರಿಜೆಯ ಮಾತಿನಲ್ಲಿ ಹೇಳುವುದಾದರೆ, ಈಗತಾನೇ ತೊಳೆದಿಟ್ಟ ಹಂಡೆ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಅಪ್ಪನಿಗೆ ಗೊತ್ತಾಗಬಾರದು.

ಅಪ್ಪ ಇರುವುದು ಕುಣಿಗಲ್ಲಿನಲ್ಲಿ, ನನ್ನ ತಂಗಿ ಸಾವಿತ್ರಿಯ ಜೊತೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ರಿಟೈರ್ ಆದವರು. ಊರಿನ ಜನರಿಗೆ ಈಗಲೂ ಕಾಂಪೌಂಡರ್ ನಂಜಪ್ಪ. ಮನುಷ್ಯರ ಕಾಯಿಲೆಯನ್ನೂ ಅವರು ಹಳೆಯ ರೂಢಿಯಲ್ಲೇ ವಿಚಾರಿಸುವುದು. ದಿನಾ ಸಂಜೆ ಫೋನ್ ಮಾಡಿ, “ಮೇವು ಸರಿಯಾಗ್ ತಿಂತಿದೀಯೇನ್ಲಾ ಮಂಜ?” ಎಂದೇ ಮಾತು ಶುರು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದಾಗ, ಗಾಬರಿ ಆಗುವಂಥ ಸುದ್ದಿ ಏನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಮಗನಿಗೆ ಕ್ಯಾನ್ಸರ್ ಎನ್ನುವುದಕ್ಕಿಂತ ಗಾಬರಿಯ ಸುದ್ದಿ ಇನ್ನಾವುದು? ನನ್ನ ಕಾಯಿಲೆಯಿಂದ ನಾನು ಉಳಿದು ಅಪ್ಪ ಹೋಗಿಬಿಟ್ಟರೆ? ಈ ಒಂದು ಯೋಚನೆ ಬಂದದ್ದೇ ನನ್ನ ಕತ್ತಿನ ಗಂಟನ್ನು ಮರೆತೆ. ನಾನು, ಗಿರಿಜೆ, ಸಾವಿತ್ರಿ ಮೂವರೂ ಸೇರಿ ತೀರ್ಮಾನ ಮಾಡಿದೆವು: ಕೀಮೋ ಮುಗಿದು ಕೂದಲು ಬರುವವರೆಗೆ ನಾನು ಕುಣಿಗಲ್ಲಿಗೆ ಹೋಗುವಂತಿಲ್ಲ. ಕಾರ್ಖಾನೆಯಲ್ಲಿ ಆಡಿಟ್ ಎಂದು ಹೇಳುವುದು.

ಆಡಿಟ್ ನಡೆಯಿತು, ನಡೆಯುತ್ತಲೇ ಇತ್ತು. ಯುಗಾದಿಗೆ ಆಡಿಟ್, ಸಾವಿತ್ರಿಯ ಮನೆಯ ಸತ್ಯನಾರಾಯಣ ಪೂಜೆಗೆ ಆಡಿಟ್. “ಅದೇನ್ ಕಳ್ತನ ಮಾಡಿದಾರ್ಲಾ ನಿಮ್ ಫ್ಯಾಕ್ಟ್ರೀಲಿ?” ಎಂದು ಅಪ್ಪ ಕೇಳಿದರು. ಸಾವಿತ್ರಿಯ ಫೋನಿನಲ್ಲಿ ವಿಡಿಯೋ ಕಾಲ್ ಮಾಡಲು ಹಟ ಹಿಡಿದಾಗ, ನಾನು ಮಂಕಿ ಕ್ಯಾಪನ್ನು ಹುಬ್ಬಿನ ಜಾಗದವರೆಗೆ ಎಳೆದುಕೊಂಡು, ಕಾಫಿ ಲೋಟವನ್ನು ಮೀಸೆಯ ಜಾಗಕ್ಕೆ ಅಡ್ಡ ಹಿಡಿದುಕೊಂಡು ಕೂತೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಂಕಿ ಕ್ಯಾಪು! “ಎಷ್ಟ್ ಹೊತ್ತು ಕುಡೀತೀಯ್ಲಾ ಒಂದ್ ಲೋಟ ಕಾಫಿನ?” ಎಂದರು ಅಪ್ಪ. “ಬಿಸಿ ಇದೆ ಅಪ್ಪ,” ಎಂದೆ. ಲೋಟ ಖಾಲಿಯಿತ್ತು. ಅಪ್ಪ, “ಸರಿ ಬುಡು,” ಎಂದು ಫೋನನ್ನು ಸಾವಿತ್ರಿಗೆ ಕೊಟ್ಟುಬಿಟ್ಟರು. ಅಲ್ಲಿಂದಾಚೆಗೆ ಅವರು ವಿಡಿಯೋ ಕಾಲ್ ಕೇಳಲಿಲ್ಲ. ಸಂಜೆಯ ಫೋನೂ ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ನಮ್ಮ ಪ್ಲಾನ್ ಕೆಲಸ ಮಾಡುತ್ತಿದೆ ಎಂದು ನಾನು ಹಿಗ್ಗಿದೆ.

ಹೀಗಿರುವಾಗ ಗುಬ್ಬಿಯಲ್ಲಿರುವ ಗಿರಿಜೆಯ ಅಣ್ಣನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಬಂತು. ಜನರ ಗುಂಪಿಗೆ ನಾನು ಸೇರಬಾರದು, ಸೋಂಕು ತಗಲುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. “ಒಳಗ್ ಬರ್ಬೇಡಿ. ಕಾರಲ್ಲೇ ಇರಿ. ಒಂದು ಗಂಟೆ ಅಷ್ಟೆ,” ಎಂದಳು ಗಿರಿಜೆ. ಆದರೂ ತವರಿನವರು ಕಾರಿನ ಹತ್ತಿರ ಬಂದು ಮಾತಾಡಿಸುತ್ತಾರಲ್ಲ, ಹುಬ್ಬಿಲ್ಲದ ಗಂಡನನ್ನು ತೋರಿಸುವುದು ಹೇಗೆ ಎಂದು ಕಣ್ಣಿಗೆ ಬಳಿಯುವ ಪೆನ್ಸಿಲ್ಲಿನಿಂದ ನನಗೆ ಎರಡು ಹುಬ್ಬು ಬರೆದಳು. ಹುಬ್ಬು ಎಲ್ಲಿರುತ್ತದೆ ಎನ್ನುವುದು ಇದ್ದಾಗ ಎಲ್ಲರಿಗೂ ಗೊತ್ತು. ಹೋದಮೇಲೆ ಯಾರಿಗೂ ನೆನಪಿರುವುದಿಲ್ಲ. ಅವಳು ಅಂದಾಜಿನ ಮೇಲೆ ಬರೆದದ್ದು ಒಂದು ಬೆರಳು ಮೇಲಾಯಿತು. ಕನ್ನಡಿ ನೋಡಿದರೆ, ಯಾರೋ ಆಗತಾನೇ ಕೆಟ್ಟ ಸುದ್ದಿ ಹೇಳಿ ಹೋದಂಥ ಮುಖ. ಅಳಿಸಹೋದರೆ ಇನ್ನಷ್ಟು ಹರಡಿತು. ಪ್ಯಾಂಟುಗಳೆಲ್ಲ ಸೊಂಟದಿಂದ ಜಾರುವಷ್ಟು ಸಣ್ಣಗಾಗಿದ್ದರಿಂದ ಬಿಳಿ ಪಂಚೆ ಉಟ್ಟು, ಹೆಗಲಿಗೊಂದು ಟವೆಲ್, ತಲೆಗೊಂದು ಟೋಪಿ ಹಾಕಿಕೊಂಡು ಹೊರಟೆ.

ಗುಬ್ಬಿಯ ಬಿಸಿಲಿಗೆ ಕಾರಿನಲ್ಲಿ ಕೂರಲಾಗಲಿಲ್ಲ. ಇಳಿದು ರಸ್ತೆಯಾಚೆಯ ಹೊಂಗೆ ಮರದ ಕೆಳಗಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದೆ. “ಮಂಜಾ!” ಎಂದು ಯಾರೋ ಕೂಗಿದರು. ನೋಡಿದರೆ ಹಾಗಲವಾಡಿಯ ತಿಮ್ಮಣ್ಣ ಮಾವ. ತೀರಿಹೋದ ನಮ್ಮಮ್ಮನ ದೊಡ್ಡಪ್ಪನ ಮಗ. ಬೋರ್‌ವೆಲ್ಲಿನ ಮೋಟರನ್ನು ರಿಪೇರಿಗೆ ಕೊಟ್ಟು ಕಾಯುತ್ತಿದ್ದರಂತೆ. ಸಂಭ್ರಮದಿಂದ ರಸ್ತೆ ದಾಟಿ ಬಂದವರು ನಾಲ್ಕು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತರು. ನನ್ನ ತಲೆ ನೋಡಿದರು. ಮೂಗಿನ ಕೆಳಗೆ ನೋಡಿದರು. ಪಂಚೆ ನೋಡಿದರು. ತಲೆಗೆ ಸುತ್ತಿದ್ದ ಟವೆಲ್ಲನ್ನು ಮೆಲ್ಲಗೆ ಬಿಚ್ಚಿ ಕಂಕುಳಿಗೆ ಸೇರಿಸಿ, ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರು.

“ನಮ್ಗೆ ಒಂದ್ ಮಾತು ಹೇಳ್ಕಳಿಸ್ಲಿಲ್ವಲ್ಲಪ್ಪಾ,” ಎಂದರು.

ಇವರಿಗೆ ಯಾರು ಹೇಳಿದರು? ನಾನು ಬೆಪ್ಪಾಗಿ, “ಯಾರ್ಗೂ ಹೇಳಿಲ್ಲ ಮಾವ. ಸುಮ್ನೆ ಎಲ್ರಿಗೂ ಯಾಕ್ ಗಾಬರಿ ಅಂತ...” ಎಂದೆ.

“ಧೈರ್ಯ ತಂದ್ಕೋ. ನೀನೇ ಹಿಂಗ್ ಕೂತ್ರೆ ಮನೇರ್ ಗತಿ?” ಎಂದರು. ಅಷ್ಟೇ ಮಾತು. ನಮ್ಮ ಕಡೆ ಕೆಲವು ಕಾಯಿಲೆಗಳ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಕೈ ಅದುಮುತ್ತಾರೆ. ಅವರೂ ಹಾಗೇ ಕೂತರು. ಇಷ್ಟು ದಿನಕ್ಕೆ ಒಬ್ಬರ ಹತ್ತಿರ ಮುಚ್ಚಿಡದೆ ಕೂತ ಸುಖ. “ಟೀ ಕುಡೀರಿ ಮಾವ,” ಎಂದೆ. ಅವರು ಹಾವು ಕಂಡಂತೆ ಕೈ ಹಿಂದಕ್ಕೆ ಎಳೆದುಕೊಂಡರು. “ಬ್ಯಾಡ ಬ್ಯಾಡ. ಈಗ ನಿನ್ ಕೈಲಿ ಏನೂ ಕುಡೀಬಾರ್ದು ಕಣಪ್ಪ.” ಸ್ವಲ್ಪ ಹೊತ್ತಿಗೆ ಎದ್ದರು. ನನ್ನ ಬೆನ್ನು ಸವರಿದರು. ಹೋಗಿ ಬರುತ್ತೇನೆ ಎನ್ನಲಿಲ್ಲ. ಹಿಂತಿರುಗಿ ಕೂಡ ನೋಡದೆ ಹೊರಟುಹೋದರು.

ವಾಪಸ್ ಬರುವಾಗ ಕಾರಿನಲ್ಲಿ ನನ್ನ ಸ್ಥಿತಿ ಹೇಳತೀರದು. “ನನ್ ಕೈಲಿ ಟೀ ಕುಡೀಲಿಲ್ಲ ಕಣೇ. ಕ್ಯಾನ್ಸರ್ ಅಂಟುತ್ತೆ ಅಂತ ಅಂದ್ಕೊಂಡಿದಾರೆ.” ಗಿರಿಜೆ, “ಅವ್ರಿಗೆ ಶುಗರ್ ಇರ್ಬೇಕು ಬಿಡ್ರಿ,” ಎಂದಳು. “ಹಾಗಾದ್ರೆ ಬರ್ತೀನಿ ಅಂತ ಯಾಕ್ ಹೇಳ್ಲಿಲ್ಲ? ಬರ್ತೀನಿ ಅನ್ನದೆ ಹೋಗೋದು ಎಲ್ಲಿಂದ ಹೇಳು? ಸತ್ತ ಮನೆಯಿಂದ! ನಾನು ಹೋದೆ ಅಂತಲೇ ತೀರ್ಮಾನ ಮಾಡ್ಬಿಟ್ಟಿದಾರೆ.” ಊರು ತಲುಪುವಷ್ಟರಲ್ಲಿ ಇದಕ್ಕಿಂತ ದೊಡ್ಡ ಭಯ ಹಿಡಿಯಿತು. ಮಾವನಿಗೆ ಗೊತ್ತಾಗಿದೆ ಅಂದಮೇಲೆ ಅಪ್ಪನ ಕಿವಿಗೆ ಎಷ್ಟು ಹೊತ್ತು? ಸಾವಿತ್ರಿಗೆ ಫೋನ್ ಮಾಡಿ, ತಿಮ್ಮಣ್ಣ ಮಾವ ಬಂದರೆ ಏನಾದರೂ ಮಾಡಿ ಬಾಗಿಲಲ್ಲೇ ತಡೆಯಬೇಕೆಂದು ಆಣೆ ಹಾಕಿಸಿಕೊಂಡೆ. “ಒಬ್ರನ್ನ ತಡಿಯೋದೇನ್ ದೊಡ್ ಕೆಲ್ಸ ಬಿಡಣ್ಣ,” ಎಂದು ಅವಳು ಧೈರ್ಯ ಹೇಳಿದಳು.

ಒಂದು ದಿನ ಬಿಟ್ಟು ಬೆಳಗ್ಗೆ ಅವಳ ಫೋನು ಬಂತು. ಮಾತಿಗಿಂತ ಮೊದಲು ಏದುಸಿರು.

“ಅಣ್ಣಾ, ತಿಮ್ಮಣ್ಣ ಮಾವ ಬಂದವ್ರೆ.”

“ತಡೀ ಅಂದಿದ್ನಲ್ಲೇ!”

“ಎಷ್ಟ್ ಜನನ್ನ ತಡೀಲಿ? ಲಗೇಜ್ ಆಟೋ ತುಂಬ ಜನ ಅವ್ರೆ. ಹಾರ ಬೇರೆ ತಂದವ್ರೆ.”

“ಹಾರ ಯಾರ್ಗೆ?”

“ಅಪ್ಪಂಗೆ.”

ಆಮೇಲೆ ಅವಳು ತುಂಡು ತುಂಡಾಗಿ ಹೇಳಿದ್ದನ್ನೂ, ಬಳಿಕ ಮಾವನೇ ಹೇಳಿದ್ದನ್ನೂ ಜೋಡಿಸಿ ಹೇಳುತ್ತೇನೆ. ಸಾವಿತ್ರಿ ರಾಗಿ ಹಾಕಿಸಲು ಗಿರಣಿಗೆ ಹೋಗಿದ್ದಳು. ಅಪ್ಪ ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಬೀದಿಯ ತಿರುವಿನಲ್ಲಿ ಲಗೇಜ್ ಆಟೋ ನಿಂತಿತು. ಸಾವಿನ ಮನೆಗೆ ಬರುವ ಹೆಂಗಸರು ಮನೆ ಕಾಣುವ ತಿರುವಿನಿಂದಲೇ ಅಳು ಎತ್ತಬೇಕು, ಅದು ಪದ್ಧತಿ. ಅವರೂ ಎತ್ತಿದರು. ಬೀದಿಯಲ್ಲಿ ಹೆಣ್ಣು ದನಿಯ ಗೋಳು ಕೇಳಿದರೆ ಗಂಡಸರು ಪೇಪರ್ ಮಡಚಿಟ್ಟು ಎದ್ದು ನಿಲ್ಲಬೇಕು, ಅದೂ ಪದ್ಧತಿ. ಅಪ್ಪ ಎದ್ದರು. ಪಾಪ ಯಾರೋ ಹೋಗಿಬಿಟ್ಟರು ಎಂದುಕೊಂಡು ಹೆಗಲಿಗೆ ಟವೆಲ್ ಹಾಕಿ, ಚಪ್ಪಲಿ ಮೆಟ್ಟದೆ, ಎದುರಿಗೆ ನಡೆದರು. ದೊಡ್ಡ ಹಾರ ಹೊತ್ತು ತಲೆ ತಗ್ಗಿಸಿ ಮುಂದೆ ಬರುತ್ತಿದ್ದ ಮಾವನ ಭುಜ ಹಿಡಿದು, “ಯಾರ್ಲಾ ತಿಮ್ಮ, ಯಾರ್ ಹೋದ್ದು?” ಎಂದು ಕೇಳಿದರು.

ಮಾವ ತಲೆ ಎತ್ತಿದರು. ಹಾರ ಕೈಯಿಂದ ಜಾರಿತು. ಅವರ ಹೆಂಡತಿ ಪುಟ್ಟಮ್ಮ ಅತ್ತೆ “ಅಯ್ಯೋ ಭಾವಾ” ಎಂದು ಬಾಯಿ ತೆರೆದವರು ಆ ಶಬ್ದ ಮುಗಿಸದೆ ಬೀದಿಯಲ್ಲೇ ಕುಸಿದರು. ಮಿಕ್ಕವರು ಆಟೋದ ಕಡೆಗೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು. ತಬ್ಬಿಬ್ಬಾಗದೆ ಇದ್ದವರೆಂದರೆ ಸತ್ತವರೊಬ್ಬರೇ. “ಗಾಳಿ ಬಿಡ್ರೋ! ಹಿಂಗ್ ಮುತ್ಕೊಂಡ್ರೆ ಉಸ್ರಾಡೋದ್ ಹೆಂಗೆ?” ಎಂದು ಗದರಿ, ನೀರು ತರಿಸಿ, ಅತ್ತೆಯ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಎಬ್ಬಿಸಿ ಕೂರಿಸಿದರು. ಎಲ್ಲರನ್ನೂ ಒಳಗೆ ಕರೆದು, ಅಷ್ಟರಲ್ಲಿ ಗಿರಣಿಯಿಂದ ಓಡಿಬಂದ ಸಾವಿತ್ರಿಯಿಂದ ಕಾಫಿ ಮಾಡಿಸಿದರು. ಯಾರೂ ಲೋಟ ಮುಟ್ಟಲಿಲ್ಲ. ಸೂತಕದ ಮನೆಯಲ್ಲಿ ಕುಡಿಯಬಾರದು ಎಂದು ಹೊರಟುಬಂದವರಿಗೆ ಈಗ ಏನು ಮಾಡಬೇಕೆಂದು ತೋಚಲಿಲ್ಲ. “ಸತ್ತೋನೇ ಕೊಡ್ತಾವ್ನೆ, ಕುಡೀರ್ಲಾ!” ಎಂದು ಅಪ್ಪ ಕೂಗಿದ ಮೇಲೆ ಕುಡಿದರಂತೆ.

ಆಮೇಲೆ ಅಪ್ಪ ಕೇಳಿದರು. “ಯಾವನ್ಲಾ ಹೇಳಿದ್ದು ನಾನ್ ಹೋದೆ ಅಂತ?”

“ಯಾರೂ ಹೇಳಿಲ್ಲ ಭಾವ. ಗುಬ್ಬೀಲಿ ನಿನ್ ಮಗನ್ನ ಕಂಡೆ. ತಲೆ ನುಣ್ಗೆ ಬೋಳ್ಸವ್ನೆ, ನಿನ್ನೆ ಮೊನ್ನೆ ಮಾಡ್ಸಿದಂಗೆ ಹೊಳೀತಿತ್ತು. ಮೀಸೆ ಇಲ್ಲ. ಬಿಳಿ ಪಂಚೆ. ಮುಖ ನೋಡಿದ್ರೆ ಸಿಡ್ಲು ಹೊಡ್ದಂಗೆ. ಅಪ್ಪ ಇರೋನು ಯಾವನಾದ್ರೂ ಮೀಸೆ ತೆಗೀತಾನಾ?”

“ಒಂದ್ ಫೋನ್ ಮಾಡಿ ಕೇಳೋಕೇನಾಗಿತ್ತು?”

“ಸತ್ತೋರ ಮನೆಗೆ ಫೋನ್ ಮಾಡಿ ನಿಜವಾಗ್ಲೂ ಸತ್ತವ್ರಾ ಅಂತ ಕೇಳೋಕಾಯ್ತದಾ ಭಾವ?”

ಅದು ನ್ಯಾಯವೇ. ಅಪ್ಪ ನಕ್ಕರಂತೆ. ಆಮೇಲೆ ಲೋಟ ಕೆಳಗಿಟ್ಟು, “ನಾನಂತೂ ಇದೀನಿ. ಹಂಗಾರೆ ಅವನ್ಗೇನಾಗಿದೆ?” ಎಂದು ಸಾವಿತ್ರಿಯ ಮುಖ ನೋಡಿದರಂತೆ. ಸಾವಿತ್ರಿಗೆ ಸುಳ್ಳು ಹೇಳುವುದು ಫೋನಿನಲ್ಲಾದರೆ ಬರುತ್ತದೆ, ಎದುರಿಗೆ ಬರುವುದಿಲ್ಲ. ಅವಳು ಅತ್ತುಬಿಟ್ಟಳು. ಅಪ್ಪ ಅಂಗಿ ತೊಟ್ಟುಕೊಂಡು ಹೊರಗೆ ಬಂದು, “ತಿಮ್ಮ, ಗಾಡಿ ತುಮ್ಕೂರಿಗೆ ತಿರುಗ್ಸು,” ಎಂದರಂತೆ. ಬಂದವರೆಲ್ಲ ಹಾಗೆಯೇ ಮತ್ತೆ ಹತ್ತಿದರಂತೆ, ಹಾರದ ಸಮೇತ.

ಆಟೋ ಬರುವವರೆಗಿನ ಆ ಒಂದು ಗಂಟೆ ನಾನು ಮನೆಯಲ್ಲಿ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಂಕಿ ಕ್ಯಾಪ್ ಹಾಕಿದೆ, ತೆಗೆದೆ. ಗಿರಿಜೆಗೆ, “ಪೆನ್ಸಿಲ್ ತಗೊಂಡ್ ಬಾ, ಒಂದು ಮೀಸೆ ಬರಿ,” ಎಂದೆ. ಅವಳು ತರಲಿಲ್ಲ. “ಸಾಕು ಬಿಡ್ರಿ. ಇನ್ನೆಷ್ಟ್ ಬರೆಯೋದು,” ಎಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ತಲೆಯಲ್ಲಿ ಒಂದೇ ಚಿತ್ರ. ಲಗೇಜ್ ಆಟೋದ ಹಿಂದುಗಡೆ ಅಪ್ಪ ಎದೆ ಹಿಡಿದುಕೊಂಡು ಕೂತಿದ್ದಾರೆ. ಜೊತೆಯಲ್ಲಿ ಅಳುವವರೂ ಇದ್ದಾರೆ, ಹಾರವೂ ಇದೆ, ಏನೂ ಕಡಿಮೆಯಿಲ್ಲ.

ಆಟೋ ಬಂದು ನಿಂತಿತು. ಹಾರ, ಮುಖ ಊದಿದ ಹೆಂಗಸರು, ಇವರನ್ನೆಲ್ಲ ಕಂಡ ನೀಲಮ್ಮ ಆಂಟಿ ತಮ್ಮ ಮನೆಯ ಟಿವಿ ಆರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಬಾಗಿಲಲ್ಲಿ ನಾನೇ ನಿಂತಿರುವುದನ್ನು ನೋಡಿ ಅವರೂ ಒಂದು ಸಲ ಬೆಚ್ಚಿದರು. ಅಪ್ಪ ಯಾರ ಕೈಯನ್ನೂ ಹಿಡಿಯದೆ ಇಳಿದರು. ಮೆಟ್ಟಿಲ ಹತ್ತಿರ ನಿಂತು ನನ್ನನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ಮೂವತ್ತು ವರ್ಷ ದನಗಳನ್ನು ಹಾಗೆ ನೋಡಿದವರು.

“ನಾನಿನ್ನೂ ಗಟ್ಟಿಯಾಗೇ ಇದೀನಲ್ಲ. ಮೀಸೆ ತೆಗ್ಯೋಕೆ ಅದ್ಯಾಕ್ಲಾ ನಿಂಗಷ್ಟು ಆತ್ರ?”

“ನಾನ್ ತೆಗೀಲಿಲ್ಲ ಅಪ್ಪ. ಅದೇ ಹೋಯ್ತು,” ಎಂದೆ.

ಒಳಗೆ ಕೂತು ಎಲ್ಲ ಕೇಳಿದರು. ಕತ್ತು ಮುಟ್ಟಿ ನೋಡಿದರು. ಗಂಟು ಎಷ್ಟು ಇತ್ತು, ಈಗ ಎಷ್ಟಾಗಿದೆ, ಇಂಜೆಕ್ಷನ್ ಆದಮೇಲೆ ಮೇವು ಸೇರುತ್ತಾ, ಎಲ್ಲವನ್ನೂ. ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಗಿರಿಜೆ ಅವರ ಮಾತ್ರೆ ಡಬ್ಬಿ ಹಿಡಿದು ತಯಾರಾಗಿ ನಿಂತಿದ್ದಳು. ಕೊನೆಗೆ, “ವಾಸಿ ಆಗುತ್ತಂತಾ?” ಎಂದರು. “ಆಗುತ್ತೆ ಅಂತಾರೆ ಅಪ್ಪ. ಚಾನ್ಸ್ ಚೆನ್ನಾಗಿದೆ ಅಂದಿದಾರೆ.” ಅಪ್ಪ ಉಸಿರು ಬಿಟ್ಟರು. ಗೋಡೆಗೆ ಒರಗಿದರು. ನನ್ನ ಜೀವ ಹಾರಿತು. ಅಪ್ಪ ಹೇಳಿದ್ದು ಇಷ್ಟೇ:

“ಅಷ್ಟೇನಾ.”

ನಮಗೆ ಅರ್ಥವಾಗಲಿಲ್ಲ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಕುಣಿಗಲ್ ಮನೇನ ಸಾವಿತ್ರಿ ಹೆಸ್ರಿಗ್ ಮಾಡ್ದೆ. ನೀನೇ ಬಂದು ಸೈನ್ ಹಾಕ್ದೆ. ಆವತ್ನಿಂದ ನೀನು ಆ ಕಡೆ ತಲೆ ಹಾಕ್ಲಿಲ್ಲ. ಹಬ್ಬಕ್ ಬರ್ಲಿಲ್ಲ, ಫೋನಲ್ಲಿ ಮುಖ ತೋರ್ಸೋಕೂ ಲೋಟ ಅಡ್ಡ ಹಿಡ್ದೆ. ಮಗ ನನ್ ಮೇಲೆ ಮುನಿಸ್ಕೊಂಡ ಅಂತಿದ್ದೆ ಕಣೋ. ನಾನ್ ಮಾಡಿದ್ದು ತಪ್ಪಾಯ್ತೇನೋ ಅಂತ ನಿದ್ದೆ ಬರ್ತಿರ್ಲಿಲ್ಲ. ಸಾಯೋಷ್ಟ್ರಲ್ಲಿ ಒಂದ್ ಸಲ ಬರ್ತಾನೋ ಇಲ್ವೋ ಅಂತಿದ್ದೆ,” ಎಂದರು.

ಕ್ಯಾನ್ಸರ್ ಎಂದಾಗ ಆದ ಗಾಬರಿ ಇದರ ಮುಂದೆ ಏನೂ ಅಲ್ಲ. ಆ ಮನೆಯ ವಿಷಯ ಸೈನ್ ಹಾಕಿ ಹೊರಗೆ ಬಂದು ಸಾವಿತ್ರಿಯ ಕೈಲಿ ಹೋಳಿಗೆ ತಿಂದಮೇಲೆ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಜಗತ್ತಿನಲ್ಲಿರುವುದಕ್ಕೆಲ್ಲ ಚಿಂತಿಸುವ ನಾನು ಚಿಂತಿಸದೇ ಬಿಟ್ಟ ಒಂದೇ ಒಂದು ಸಂಗತಿಯನ್ನು ಹಿಡಿದು ಅಪ್ಪ ಇಷ್ಟು ತಿಂಗಳು ಒಬ್ಬರೇ ಕೂತು ನವೆದಿದ್ದರು. ನಾನು ಅವರ ಎದೆಯನ್ನು ಕಾಪಾಡುತ್ತಿದ್ದೆನಂತೆ! ತಿಮ್ಮಣ್ಣ ಮಾವ ಬಾಗಿಲ ಹತ್ತಿರ ನಿಂತು ಅಳುತ್ತಿದ್ದರು. ಈ ಸಲದ ಅಳು ಯಾರಿಗೆಂದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನನ್ನ ಕೈಯಿಂದಲೇ ಎರಡು ಲೋಟ ಟೀ ಕುಡಿದರು. ಹೊರಡುವಾಗ “ಬರ್ತೀನಿ ಮಂಜ, ಬರ್ತೀನಿ ಭಾವ, ಬರ್ತೀನಿ ಗಿರಿಜಮ್ಮ” ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ, ಗುಬ್ಬಿಯಲ್ಲಿ ಬಾಕಿ ಉಳಿದದ್ದನ್ನೂ ಸೇರಿಸಿ ತೀರಿಸಿ ಹೋದರು.

ಅಪ್ಪ ಹೋಗಲಿಲ್ಲ. ಮುಂದಿನ ಕೀಮೋಗೆ ಬೆಂಗಳೂರಿಗೆ ತಾವೇ ಬರುವುದಾಗಿ ಹಟ ಹಿಡಿದರು. ಬೇಡ, ಅಲ್ಲಿಯ ದೃಶ್ಯ ನೋಡಿ ನಿಮಗೇನಾದರೂ ಆದರೆ ಎಂದು ನಾನು ರೈಲಿನುದ್ದಕ್ಕೂ ಹೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ ಕಡಲೆಕಾಯಿ ತಿಂದರು. ಆಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿ, ಸೂಜಿ ಹಿಡಿದು ಬಂದ ಹೊಸ ನರ್ಸ್ ಹುಡುಗಿ ಒಮ್ಮೆ ನನ್ನನ್ನು ನೋಡಿದಳು: ಬೋಳು ತಲೆ, ಹುಬ್ಬಿಲ್ಲ, ಕೆನ್ನೆ ಒಳಕ್ಕೆ. ಒಮ್ಮೆ ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿದಳು: ತಲೆ ತುಂಬ ಕೂದಲು, ತಿರುವಿದ ಮೀಸೆ. “ಪೇಶೆಂಟ್ ನಿಮ್ಗೆ ಅಣ್ಣ ಆಗ್ಬೇಕಾ ಅಂಕಲ್?” ಎಂದು ಅಪ್ಪನನ್ನು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, “ಹೂಂ ಕಣಮ್ಮ, ಅಣ್ಣ. ಚಿಕ್ಕಂದಿನಿಂದ್ಲೂ ಸ್ವಲ್ಪ ಪುಕ್ಲ. ಮೆತ್ಗೆ ಚುಚ್ಚು,” ಎಂದರು.

ಡ್ರಿಪ್ ಅರ್ಧ ಇಳಿಯುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದರು. ಎಷ್ಟು ದಿನದ ನಿದ್ದೆಯೋ. ತಲೆ ಒಂದು ಕಡೆಗೆ ವಾಲಿ, ಇನ್ನೇನು ಕತ್ತು ಉಳುಕುತ್ತದೆ ಅನ್ನಿಸಿತು. ಆಮೇಲೆ ನೋವು, ಆಮೇಲೆ ಮಾತ್ರೆ, ಆ ಮಾತ್ರೆ ಹೃದಯದ ಮಾತ್ರೆಗೆ ಆಗಿಬರದಿದ್ದರೆ? ಸೂಜಿಯಿಲ್ಲದ ಕೈಯಿಂದ ನನ್ನ ದಿಂಬನ್ನು ಎಳೆದು ಮೆಲ್ಲಗೆ ಅವರ ಕತ್ತಿನ ಕೆಳಗೆ ತೂರಿಸಿದೆ. ನರ್ಸ್ ಬಂದು ನೋಡಿ ಗದರಿದಳು. “ನಿಮ್ ದಿಂಬೆಲ್ಲಿ ತಾತ?”

“ತಮ್ಮನಿಗೆ ಕೊಟ್ಟೆನಮ್ಮ,” ಎಂದೆ.